ಮೂರು ತಿಂಗಳು ಬಿಟ್ಟಿದ್ದು ವ್ಯರ್ಥವಾಗಿಲ್ಲ

ಮೂರು ತಿಂಗಳು ಸಿಗರೇಟು ಮುಟ್ಟಿರಲಿಲ್ಲ, ತಮ್ಮನ ಮದುವೆಯಲ್ಲಿ ಗೆಳೆಯರ ಜೊತೆ ಸೇದಿದೆ, ಈಗ ದಿನಕ್ಕೆ ನಾಲ್ಕಾಗಿದೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಸಿಗರೇಟು ಬಿಟ್ಟವರಲ್ಲಿ ತುಂಬಾ ಜನ ಒಂದೇ ಸಲಕ್ಕೆ ಬಿಟ್ಟವರಲ್ಲ. ಇದು ನಿಮ್ಮ ಮನಸ್ಸಿನ ದೌರ್ಬಲ್ಯವೂ ಅಲ್ಲ, ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್‌ನ ಹಿಡಿತವೇ ಅಂಥದ್ದು.

ನಾಲ್ಕು ಹತ್ತಾಗುವವರೆಗೆ ಕಾಯಬೇಡಿ. ಮತ್ತೆ ಬಿಡೋಕೆ ಈ ವಾರವೇ ಒಂದು ದಿನ ಗೊತ್ತುಮಾಡಿ. ಆಫೀಸಿನ ಟೀ ಹೊತ್ತೇ ಕಷ್ಟ ಅಂದಿದ್ದೀರಲ್ವಾ, ಕೆಲವು ವಾರ ಸಿಗರೇಟು ಸಿಗುವ ಗೂಡಂಗಡಿ ಕಡೆ ಹೋಗಲೇಬೇಡಿ. ಆಸೆ ಎಷ್ಟೇ ಜೋರಾಗಿ ಬಂದರೂ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ.

ಸೇದುವ ಆಸೆ ತಗ್ಗಿಸೋಕೆ ಅಗಿಯುವ 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಸುಮ್ನೆ ಅಗಿಯುತ್ತಲೇ ಇರಬಾರದು. ನಿಧಾನವಾಗಿ ಅಗಿದು, ಖಾರ ಅನ್ನಿಸಿದ ಕೂಡಲೇ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ. ಬಾಯಲ್ಲಿ ಗಮ್ ಇರುವಾಗ ಟೀ, ಕಾಫಿ ಬೇಡ. ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

1800-112-356ಕ್ಕೆ ಕರೆ ಮಾಡಿ. ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವು ಬಿಟ್ಟ ಮೇಲೂ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ. ಆ ಮೊದಲ ವಾರದಲ್ಲಿ ಅದು ತುಂಬಾ ದೊಡ್ಡ ಆಸರೆ. ಮದುವೆಗೆ ಬಂದಿದ್ದ ಆ ಗೆಳೆಯರಿಗೂ ಈಗಲೇ ಹೇಳಿಬಿಡಿ, ಇನ್ನು ಮುಂದೆ ನನಗೆ ಸಿಗರೇಟು ಕೊಡಬೇಡಿ ಅಂತ.