ಗುರುವಾರದ ತರಕಾರಿ ಬಗ್ಗೆ

ಆತ್ಮೀಯರೇ,

ಹೋದ ಸಂಚಿಕೆಯಲ್ಲಿ ಆಯಾ ಕಾಲದ ಹಣ್ಣು ತರಕಾರಿಗಳ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಕಾರ್ಖಾನೆಯಲ್ಲಿ ಪಾಳಿ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು, ಜೊತೆಗೆ ಮಾವನವರು. ತರಕಾರಿ ತರೋದಕ್ಕೆ ನಿಮಗೆ ಸಿಗುವುದು ಭಾನುವಾರ ಒಂದೇ. "ಗುರುವಾರದ ಹೊತ್ತಿಗೆ ಎಲ್ಲ ಬಾಡಿರುತ್ತದೆ. ಅದನ್ನೇ ಬೇಯಿಸಿ ಬಡಿಸುವಾಗ ಮಕ್ಕಳಿಗೆ ಮೋಸ ಮಾಡ್ತಿದ್ದೀನಿ ಅನಿಸುತ್ತದೆ" ಎಂದು ಬರೆದಿದ್ದೀರಿ. ಈ ಸಾಲು ಓದಿ ನನಗೆ ನಿಜವಾಗಿಯೂ ಬೇಸರವಾಯಿತು. ತರಕಾರಿಯನ್ನು ಅಂದಂದೇ ತಂದು ಅಂದಂದೇ ತಿನ್ನಬೇಕು ಎಂಬ ಮಾತು ನಮ್ಮ ಲೇಖನದಲ್ಲಿತ್ತು. ಅದನ್ನು ಹಾಗೇ ಅಚ್ಚಿಗೆ ಬಿಟ್ಟವನು ನಾನು. ಹಾಗೆ ಬಿಡಬಾರದಿತ್ತು. ನೀವು ಯಾರಿಗೂ ಮೋಸ ಮಾಡುತ್ತಿಲ್ಲ.

ಕಿತ್ತ ಮೇಲೂ ತರಕಾರಿಗೆ ಜೀವ ಇರುತ್ತದೆ, ಅದು ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನು ತಾನೇ ಖರ್ಚು ಮಾಡಿಕೊಂಡು, ನೀರು ಕಳೆದುಕೊಳ್ಳುತ್ತಾ ಬದುಕಿರುತ್ತದೆ. ಭಾನುವಾರ ತಂದ ಹಸಿ ಬಟಾಣಿಯ ಸಿಪ್ಪೆ ಬಿಡಿಸಿ ಅಲ್ಲೇ ಎರಡು ಕಾಳು ಬಾಯಿಗೆ ಹಾಕಿಕೊಳ್ಳಿ. ಬುಧವಾರ ಅದೇ ಚೀಲದಿಂದ ಇನ್ನೆರಡು ತಿಂದು ನೋಡಿ. ಸಿಹಿ ಇಳಿದಿರುತ್ತದೆ, ನಾಲಿಗೆಗೆ ಹಿಟ್ಟು ಹಿಟ್ಟು ಅನಿಸುತ್ತದೆ. ಸಕ್ಕರೆಯಲ್ಲಿ ಒಂದಷ್ಟು ಉಸಿರಾಟಕ್ಕೆ ಹೋಯಿತು, ಇನ್ನೊಂದಷ್ಟು ಪಿಷ್ಟವಾಯಿತು.

ಆದರೆ ಎಲ್ಲ ತರಕಾರಿಯೂ ಒಂದೇ ವೇಗದಲ್ಲಿ ಉಸಿರಾಡುವುದಿಲ್ಲ. ನಿಮ್ಮ ವಾರ ಸುಲಭ ಆಗುವುದು ಇಲ್ಲೇ. ಸೊಪ್ಪು, ಬಟಾಣಿ, ಅಣಬೆ, ಬೀನ್ಸ್ ಬೇಗ ಸೊರಗುತ್ತವೆ. ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್ ತಾಳಿಕೊಳ್ಳುತ್ತವೆ. ಕತ್ತರಿಸದ ಕುಂಬಳಕಾಯಿಗಂತೂ ತಿಂಗಳುಗಟ್ಟಲೆ ಆಯಸ್ಸು. ಹಾಗಾಗಿ ಭಾನುವಾರ, ಸೋಮವಾರ ಸೊಪ್ಪು ಮುಗಿಸಿ. ಬೀನ್ಸ್, ಹೂಕೋಸು ವಾರದ ನಡುವೆ ಬರಲಿ. ಗುರುವಾರ, ಶುಕ್ರವಾರಕ್ಕೆ ಎಲೆಕೋಸು, ಕ್ಯಾರೆಟ್ ಉಳಿಸಿ. ತರುವ ತರಕಾರಿ ಬದಲಾಯಿಸುವುದು ಬೇಡ, ತಿನ್ನುವ ಸರದಿ ಬದಲಾದರೆ ಸಾಕು.

ಬಾಡಿದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ ಅನ್ನುವುದೂ ಗೊತ್ತಿರಲಿ. ಮೊದಲು ಹೋಗುವುದು ವಿಟಮಿನ್ ಸಿ. ಸೊಪ್ಪಿನಲ್ಲಿ ಅದು ಬಹಳ ಬೇಗ ಇಳಿಯುತ್ತದೆ, ಹೊರಗಿಟ್ಟರೆ ಇನ್ನೂ ಬೇಗ. ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ ಕೂಡ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತದೆ. ಆದರೆ ನಾರು ಎಲ್ಲೂ ಹೋಗುವುದಿಲ್ಲ. ಪೊಟ್ಯಾಶಿಯಂ, ಮೆಗ್ನೀಶಿಯಂನಂಥ ಖನಿಜಗಳೂ ಹೋಗುವುದಿಲ್ಲ. ಕ್ಯಾರೆಟ್‌ನ ಕ್ಯಾರೊಟಿನ್, ಅಂದರೆ ನಮ್ಮ ಮೈ ವಿಟಮಿನ್ ಎ ಮಾಡಿಕೊಳ್ಳುವ ಬಣ್ಣದ ಅಂಶ, ಫ್ರಿಜ್‌ನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಅಂದರೆ ನಿಮ್ಮ ಗುರುವಾರದ ತಟ್ಟೆ ಖಾಲಿ ಏನಲ್ಲ. ಅದರ ಪಕ್ಕಕ್ಕೆ ಒಂದು ಕಿತ್ತಳೆಯೋ ಪೇರಲೆಯೋ ಇಟ್ಟರೆ ವಿಟಮಿನ್ ಸಿ ಕೂಡ ಬಂತು.

ಸೊಪ್ಪು ಇಡುವ ರೀತಿ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಫ್ರಿಜ್‌ಗೆ ತಳ್ಳಿದ ಸೊಪ್ಪನ್ನು ಎರಡು ದಿನ ಬಿಟ್ಟು ತೆಗೆದು ನೋಡಿ. ಚೀಲದ ಒಳಮೈಗೆ ನೀರಿನ ಹನಿ ಕೂತಿರುತ್ತದೆ. ಆ ಹನಿ ತಾಗಿದ ಎಲೆಗಳು ಕಪ್ಪಾಗಿ ಲೋಳೆಯಾಗಿರುತ್ತವೆ, ಉಳಿದವು ಹಸಿರಾಗೇ ಇರುತ್ತವೆ. ಕೊಳೆತ ಎಲೆ ಆರಿಸಿ ಎಸೆದು, ಬೇರು ಕತ್ತರಿಸಿ, ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ಮೂರು ದಿನ ಜಾಸ್ತಿ ಬರುತ್ತದೆ. ತೊಳೆಯುವುದು ಅಡುಗೆಗೆ ಮುಂಚೆ. ಸೇಬನ್ನು ಸೊಪ್ಪಿನ ಡಬ್ಬಿಯಲ್ಲಿ ಇಡಬೇಡಿ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ಕ್ಯಾರೆಟ್ ಮೇಲಿನ ಎಲೆಯ ಜುಟ್ಟನ್ನು ತಂದ ತಕ್ಷಣ ಕತ್ತರಿಸಿಬಿಡಿ, ಇಲ್ಲದಿದ್ದರೆ ಅದು ಗೆಡ್ಡೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಹಣ್ಣಾಗದ ಟೊಮೆಟೊ ಫ್ರಿಜ್‌ಗೆ ಬೇಡ, ಅಲ್ಲಿ ಅದರ ರುಚಿ ಸತ್ತುಹೋಗುತ್ತದೆ.

ಫ್ರೀಜರ್‌ನಲ್ಲಿಟ್ಟ ಬಟಾಣಿ ಬಳಸಲು ಮನಸ್ಸಿಗೆ ಒಂಥರಾ ಆಗುತ್ತದೆ ಎಂದಿದ್ದೀರಿ. ಆಗಬೇಕಿಲ್ಲ. ಅದನ್ನು ಕಿತ್ತ ಕೆಲವೇ ಗಂಟೆಗಳಲ್ಲಿ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು ಹೆಪ್ಪುಗಟ್ಟಿಸುತ್ತಾರೆ. ಅದ್ದುವಾಗ ಒಂದಿಷ್ಟು ವಿಟಮಿನ್ ಸಿ ಹೋಗುತ್ತದೆ ನಿಜ. ಆಮೇಲೆ ನಷ್ಟ ತುಂಬಾ ನಿಧಾನ. ನಾಲ್ಕೈದು ದಿನ ಸುಮ್ನೆ ಬಿದ್ದ ಹಸಿ ಬಟಾಣಿಗಿಂತ ಇದು ಯಾವ ರೀತಿಯಲ್ಲೂ ಕಡಿಮೆ ಅಲ್ಲ. ಉಪ್ಪು, ಬೆಣ್ಣೆ ಬೆರೆಸಿರದ ಪೊಟ್ಟಣ ನೋಡಿ ತನ್ನಿ, ಅಷ್ಟೇ.

ಹಾಗಾದರೆ ಆಯಾ ಕಾಲದ್ದೇ ತಿನ್ನಿ ಅನ್ನುವ ಮಾತಿಗೆ ಬೆಲೆ ಇಲ್ವಾ? ಖಂಡಿತ ಇದೆ, ಹಣ್ಣಿನ ವಿಷಯದಲ್ಲಂತೂ ತುಂಬಾ ಇದೆ. ಬಾಳೆ, ಮಾವು, ಪಪಾಯ, ಟೊಮೆಟೊ ಬಲಿತ ಮೇಲೆ ಕಿತ್ತರೂ ಮನೆಯಲ್ಲಿ ಹಣ್ಣಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಸ್ಟ್ರಾಬೆರಿ, ಅನಾನಸ್ ಹಾಗಲ್ಲ. ಗಿಡದಿಂದ ಬೇರೆಯಾದ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ, ಮನೆಯಲ್ಲಿ ಎಷ್ಟು ದಿನ ಇಟ್ಟರೂ ಅದಕ್ಕಿಂತ ಸಿಹಿಯಾಗುವುದಿಲ್ಲ. ಸುಗ್ಗಿಯಲ್ಲದ ಕಾಲದಲ್ಲಿ ಬರುವ ಹುಳಿ ದ್ರಾಕ್ಷಿಯನ್ನು ಮಕ್ಕಳು ಉಗುಳಿದರೆ ತಪ್ಪು ಮಕ್ಕಳದ್ದಲ್ಲ. ಈ ಹಣ್ಣುಗಳನ್ನು ಅವುಗಳ ಕಾಲದಲ್ಲೇ, ಹೊಟ್ಟೆ ತುಂಬ ತಿನ್ನಿಸಿ.

ಮಕ್ಕಳು ತರಕಾರಿ ಮುಟ್ಟಲ್ಲ, ಅದಕ್ಕೆ ಹಣ್ಣಿನ ರಸ ಕೊಡುತ್ತೇನೆ ಎಂಬ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಒಂದು ಲೋಟ ರಸಕ್ಕೆ ಮೂರ್ನಾಲ್ಕು ಕಿತ್ತಳೆ ಬೇಕು. ಅಷ್ಟನ್ನೂ ಒಂದೇ ಸಲ ಬಿಡಿಸಿಕೊಂಡು ತಿನ್ನುವ ಮಗು ಅಪರೂಪ, ಅಲ್ವಾ? ಹಿಂಡಿದಾಗ ನಾರು ಜರಡಿಯಲ್ಲೇ ಉಳಿಯುತ್ತದೆ, ಸಕ್ಕರೆ ಲೋಟಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2015ರ ಮಾರ್ಗಸೂಚಿಯಲ್ಲಿ ರಸದ ಸಕ್ಕರೆಯನ್ನು ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ, ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಸೇರಿಸಿಲ್ಲ. ಹಣ್ಣು ಹೆಚ್ಚಿ ಕೊಡಿ. ತರಕಾರಿಯನ್ನು ಒಂದೇ ತುಂಡಾದರೂ ಸರಿ, ಗದರದೆ ತಟ್ಟೆಗೆ ಹಾಕುತ್ತಿರಿ. ಕೆಲವು ಮಕ್ಕಳಿಗೆ ಹೊಸ ರುಚಿ ಹಿಡಿಸಲು ಹತ್ತು ಸಲ, ಅದಕ್ಕೂ ಜಾಸ್ತಿ ಬೇಕಾಗುತ್ತದೆ.

ಎಷ್ಟು ತಿನ್ನಬೇಕು ಎಂದು ಕೇಳಿದ್ದೀರಿ. ಹತ್ತು ವರ್ಷ ದಾಟಿದವರಿಗೆ ಅದೇ ಸಂಸ್ಥೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ, ಹಣ್ಣು ತರಕಾರಿ ಎರಡೂ ಸೇರಿ. ಆಲೂಗಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು. ಬೇಯಿಸುವಾಗ ನೀರು ಕಮ್ಮಿ ಹಾಕಿ, ಮುಚ್ಚಳ ಮುಚ್ಚಿ, ಆ ನೀರನ್ನು ಚೆಲ್ಲಬೇಡಿ. ಕ್ಯಾರೆಟ್‌ಗೆ ಒಂದು ಚಮಚ ಎಣ್ಣೆ ಬೀಳಲಿ, ಕೊಬ್ಬಿದ್ದರೆ ಕ್ಯಾರೊಟಿನ್ ಮೈಗೆ ಚೆನ್ನಾಗಿ ಹತ್ತುತ್ತದೆ.

ಪತ್ರದ ಅಂಚಿನಲ್ಲಿ ಚಿಕ್ಕದಾಗಿ ಇನ್ನೊಂದು ಸಾಲು ಬರೆದಿದ್ದೀರಿ. ಲೇಖನ ಓದಿದ ಮಾವನವರು ದಿನಾ ಎರಡು ಹೊತ್ತು ಸೊಪ್ಪು ಕೇಳುತ್ತಿದ್ದಾರೆ, ಅವರಿಗೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ಇದೆ ಎಂದು. ನಿಮ್ಮ ಇಡೀ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಇದೇ. ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಆ ಮಾತ್ರೆಯ ಕೆಲಸಕ್ಕೆ ಎದುರಾಗುತ್ತದೆ. ಹಾಗೆಂದು ಅವರು ಸೊಪ್ಪು ಬಿಡಬೇಕಿಲ್ಲ. ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಇದ್ದಕ್ಕಿದ್ದಂತೆ ನಿಲ್ಲಿಸಲೂಬಾರದು. ಮೊದಲು ಎಷ್ಟು ತಿನ್ನುತ್ತಿದ್ದರೋ ಸದ್ಯ ಅಷ್ಟೇ ಬಡಿಸಿ. ಕೆಲವು ದಿನದಿಂದ ಜಾಸ್ತಿ ತಿನ್ನುತ್ತಿದ್ದಾರೆ ಎಂದು ಅವರ ವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆ ಬೇಕೇ ಎಂದು ಈ ವಾರವೇ ಕೇಳಿ. ಭಾನುವಾರದ ತನಕ ಕಾಯಬೇಡಿ.

ನಿಮ್ಮ,
ಸಂಪಾದಕ