ನೀಲಿಗಟ್ಟಿದ್ದನ್ನು ‘ಇರಲಿ ಬಿಡಿ’ ಎನ್ನಬೇಡಿ

ಹತ್ತು ವಾರದ ಮಗುವಿನ ತಾಯಿಯೊಬ್ಬರು ಬರೆದಿದ್ದಾರೆ. ಆರನೇ ವಾರದ ಹೊತ್ತಿಗೆ ಎದೆ ಮೆತ್ತಗಾಯಿತು, ಸಂಜೆಯಾದರೆ ಮಗು ಬಿಟ್ಟೂ ಬಿಡದೆ ಹಾಲಿಗೆ ಹಟ ಹಿಡಿಯತೊಡಗಿತು. ಹಾಲು ಬತ್ತುತ್ತಿದೆ ಎಂದು ಗಾಬರಿಯಾಗಿ ಮೆಂತ್ಯದ ಕ್ಯಾಪ್ಸೂಲ್ ಶುರುಮಾಡಿದರು. ಪ್ರತಿ ಸಲ ಹಾಲೂಡಿಸಿದ ಮೇಲೆ ‘ಪೂರ್ತಿ ಖಾಲಿಯಾಗಲಿ’ ಎಂದು ಹದಿನೈದು ನಿಮಿಷ ಪಂಪ್ ಹಚ್ಚಿದರು. ಫ್ರೀಜರಿನ ಒಂದು ಖಾನೆ ತುಂಬಿದೆ. ಆಮೇಲೆ ಎಡ ಎದೆಯಲ್ಲಿ ಗಂಟು ಕಟ್ಟಲಾರಂಭಿಸಿತು, ಇದು ಮೂರನೆಯ ಸಲ. ಗಂಡನ ಅಕ್ಕ ದಿನಾ ಸಂಜೆ ಬಂದು ಬಿಸಿ ಬಟ್ಟೆ ಒತ್ತಿ, ಗಂಟು ಕರಗಲೆಂದು ಹೆಬ್ಬೆರಳಲ್ಲಿ ಬಲವಾಗಿ ತಿಕ್ಕುತ್ತಾರೆ. ‘ಅತ್ತಿಗೆ ಎರಡು ಮಕ್ಕಳನ್ನು ಸಾಕಿದವರು. ಅವರ ಮನಸ್ಸು ನೋಯಿಸದೆ ಬೇಡ ಅನ್ನುವುದು ಹೇಗೆ?’ ಇದು ಪ್ರಶ್ನೆ. ಪತ್ರದ ಕೊನೆಯಲ್ಲಿ ಒಂದು ಸಾಲು: ‘ಒಂದೆರಡು ಕಡೆ ನೀಲಿಗಟ್ಟಿದೆ, ಅದು ಇರಲಿ ಬಿಡಿ.’

ಇರಲಿ ಬಿಡಲು ಆಗುವುದಿಲ್ಲ. ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತೇ ಅದು. ಚರ್ಮ ನೀಲಿಗಟ್ಟಿದೆ ಎಂದರೆ ಒಳಗೆ ಸಣ್ಣ ರಕ್ತನಾಳಗಳು ಒಡೆದಿವೆ. ನೋವಾಗುವಂತೆ ಮಾಡುವುದು ಆರೈಕೆಯಲ್ಲ, ಮಾಡುವವರು ಯಾರೇ ಆಗಿರಲಿ, ಎಷ್ಟೇ ಪ್ರೀತಿಯಿಂದ ಮಾಡಲಿ.

ಗಂಟು ಎಂದರೆ ಕೊಳವೆಯಲ್ಲಿ ಸಿಕ್ಕಿಕೊಂಡ ಹಾಲಿನ ಗಟ್ಟಿ ಎಂದು ಬಹಳ ಜನ ತಿಳಿದಿದ್ದಾರೆ. ಒತ್ತಿದರೆ ಹೊರಗೆ ಬರಬೇಕಲ್ಲ ಎಂಬ ಆಸೆ ಅಲ್ಲಿಂದಲೇ ಹುಟ್ಟುತ್ತದೆ. ಆದರೆ ಹಾಲಿನ ನಾಳಗಳು ಬಹಳ ಸಣ್ಣವು, ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನಿಮ್ಮ ಕೈಗೆ ಸಿಗುತ್ತಿರುವುದು ಅವುಗಳ ಸುತ್ತಲಿನ ಊತ. ಆ ಊತವೇ ನಾಳಗಳನ್ನು ಹೊರಗಿನಿಂದ ಅಮುಕಿ ಕಿರಿದಾಗಿಸಿದೆ. ಅದರ ಮೇಲೆ ಹೆಬ್ಬೆರಳು ಒತ್ತಿದರೆ ಪೆಟ್ಟಾಗಿ ಊತ ಹೆಚ್ಚುತ್ತದೆ. ಬಿಸಿ ಕೊಟ್ಟರೆ ರಕ್ತನಾಳ ಹಿಗ್ಗಿ ಇನ್ನಷ್ಟು ಊದಿಕೊಳ್ಳಬಹುದು. ಮಾರನೆಯ ದಿನ ಗಂಟು ಮತ್ತೆ ಅಲ್ಲೇ ಇರುತ್ತದೆ, ಸಂಜೆ ಮತ್ತೆ ತಿಕ್ಕುವುದು.

ಅತ್ತಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಅವರ ಬಾಣಂತನದ ಕಾಲಕ್ಕೆ ಡಾಕ್ಟರುಗಳೂ ಬಿಸಿ ಶಾಖ, ಮಸಾಜ್, ಪೂರ್ತಿ ಖಾಲಿಮಾಡಿ ಎಂದೇ ಹೇಳುತ್ತಿದ್ದರು. ಎದೆಹಾಲೂಡಿಸುವ ವಿಷಯದಲ್ಲಿ ಡಾಕ್ಟರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ತನ್ನ ಸಲಹೆಯನ್ನು ಬದಲಿಸಿ ತಂಪು, ಹಗುರ ಸ್ಪರ್ಶ, ಅತಿಯಾಗಿ ಹಾಲು ತೆಗೆಯದಿರುವುದು ಎಂದದ್ದು 2022ರಲ್ಲಿ. ಸಿಟ್ಟು ಬರುವುದು ನಿಮ್ಮ ಗಂಡನ ಮೇಲೆ. ನೀವು ಹಲ್ಲು ಕಚ್ಚಿ ನರಳಿದ್ದು ಪಕ್ಕದ ಕೋಣೆಯಲ್ಲಿದ್ದ ಅವರಿಗೆ ಕೇಳಿಸಿದೆ ಎಂದು ನೀವೇ ಬರೆದಿದ್ದೀರಿ. ಕೇಳಿಸಿಕೊಂಡೂ ‘ಅಕ್ಕ ಪ್ರೀತಿಯಿಂದ ಮಾಡ್ತಾಳೆ, ಸ್ವಲ್ಪ ಸಹಿಸ್ಕೋ’ ಅಂದಿದ್ದಾರೆ. ಅಕ್ಕನಿಗೆ ಹೇಳಬೇಕಾದ ಮಾತನ್ನು ತಮ್ಮನೇ ಹೇಳಬೇಕಿತ್ತು. ಹಸುಗೂಸು ಎತ್ತಿಕೊಂಡ ಹೆಂಗಸು ಕಾಗದ ಬರೆದು ದಾರಿ ಕೇಳುವ ಸ್ಥಿತಿ ಬರಬಾರದಿತ್ತು.

ಇನ್ನು ಹಾಲು ಬತ್ತುವ ಭಯ. ನೀವೇ ಬರೆದ ಲೆಕ್ಕ ನೋಡಿ: ಹುಟ್ಟಿದಾಗ 3.1 ಕಿಲೋ, ಈಗ 5.2. ದಿನಕ್ಕೆ ಸರಾಸರಿ 30 ಗ್ರಾಂ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು. ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡಿ ಬಟ್ಟೆ ಒದ್ದೆ ಮಾಡುತ್ತಿದೆ ಎಂದೂ ಬರೆದಿದ್ದೀರಿ. ಆರು ವಾರದ ಆಸುಪಾಸಿನಲ್ಲಿ ಎದೆ ಮೆತ್ತಗಾಗುವುದು ಹಾಲು ಕಡಿಮೆಯಾದದ್ದಕ್ಕಲ್ಲ. ಮಗುವಿಗೆ ಎಷ್ಟು ಬೇಕೋ ಅಷ್ಟಕ್ಕೆ ದೇಹ ಹೊಂದಿಕೊಂಡಿತು, ಅಷ್ಟೆ. ಸಂಜೆ ಪದೇಪದೇ ಹಾಲಿಗೆ ಬರುವುದೂ ಈ ವಯಸ್ಸಿನ ಮಕ್ಕಳ ರೀತಿ.

ಹಾಗೆ ಹೊಂದಿಕೊಂಡ ಎದೆಗೆ ಪಂಪ್ ಬೇರೆ ಲೆಕ್ಕ ಕೊಟ್ಟಿತು. ಎದೆ ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಎಷ್ಟು ಹೊರಗೆ ಹೋಯಿತೋ ಅದನ್ನು ನೋಡಿ ಮುಂದಿನದನ್ನು ತಯಾರಿಸುತ್ತದೆ. ಒಂದರಿಂದ ಆರು ತಿಂಗಳವರೆಗಿನ ಮಗು ದಿನಕ್ಕೆ ಕುಡಿಯುವುದು ಸುಮಾರು 750 ಮಿಲಿ. ಅದರ ಮೇಲೆ ಫ್ರೀಜರಿಗೂ ಹಾಲು ಮಾಡುತ್ತಿರುವ ಎದೆ ಸದಾ ಬಿಗಿದೇ ಇರುತ್ತದೆ, ಗಂಟು ಮರುಕಳಿಸುವುದು ಅದಕ್ಕೇ.

ಪಂಪನ್ನು ಒಮ್ಮೆಲೇ ಎತ್ತಿಡಬೇಡಿ, ಹಾಲು ಕಟ್ಟಿಕೊಂಡು ಜ್ವರ ಬರಬಹುದು. ಮೂರು ದಿನಕ್ಕೊಂದು ಸರದಿಯಂತೆ ಬಿಡುತ್ತಾ ಬನ್ನಿ. ಉಳಿದ ಸರದಿಗಳಲ್ಲಿ ಹದಿನೈದು ನಿಮಿಷವನ್ನು ಹತ್ತಕ್ಕೆ, ಆಮೇಲೆ ಐದಕ್ಕೆ ಇಳಿಸಿ. ನಡುವೆ ತೀರಾ ಭಾರವೆನಿಸಿದರೆ ಕೈಯಲ್ಲಿ ಹಿತವೆನಿಸುವಷ್ಟು ಮಾತ್ರ ತೆಗೆಯಿರಿ. ಪಂಪಿನ ಸೆಳೆತ ನೋವಾಗದ ಮಟ್ಟದಲ್ಲಿರಲಿ, ಜೋರು ಮಾಡಿದರೆ ಹಾಲು ಹೆಚ್ಚು ಬರುವುದಿಲ್ಲ, ತೊಟ್ಟು ಊದುತ್ತದೆ. ಮೆಂತ್ಯದ ಕ್ಯಾಪ್ಸೂಲ್ ಇವತ್ತೇ ಬಿಡಿ. ಗಿಡಮೂಲಿಕೆ ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ. ಹೊಟ್ಟೆಯುಬ್ಬರ, ಭೇದಿ ತರಬಹುದು, ರಕ್ತದ ಸಕ್ಕರೆ ಇಳಿಸಬಹುದು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಹಾಲು ಹೆಚ್ಚಾಗಿರುವವರಿಗಂತೂ ಅದರ ಅಗತ್ಯವೇ ಇಲ್ಲ.

ಗಂಟಿಗೆ ತಂಪು ಕೊಡಿ. ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ದಿನದಲ್ಲಿ ಹಲವು ಸಲ. ಬರಿ ಚರ್ಮಕ್ಕೆ ತಾಗಿಸಬೇಡಿ. ಮಗುವಿಗೆ ಎರಡೂ ಕಡೆ ಎಂದಿನಂತೆ ಕೊಡಿ. ಗಂಟಿರುವ ಕಡೆಯ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ, ಆ ಕಡೆಗೇ ಹೆಚ್ಚು ಸಲ ಹಿಡಿಯುವ ಅಗತ್ಯವೂ ಇಲ್ಲ. ಸವರಲೇಬೇಕು ಅನಿಸಿದರೆ ಬೆಕ್ಕಿನ ಬೆನ್ನು ನೇವರಿಸುವಷ್ಟು ಹಗುರವಾಗಿ, ತೊಟ್ಟಿನ ಕಡೆಯಿಂದ ಕಂಕುಳಿನತ್ತ, ಕೊರಳ ಮೂಳೆಯತ್ತ ಸವರಿ. ಊತದ ನೀರು ಹರಿದು ಹೋಗುವ ದಿಕ್ಕು ಅದು. ಚರ್ಮ ಮಾತ್ರ ಅಲುಗಬೇಕು, ಕೆಳಗಿನ ಮಾಂಸ ಅಲುಗಿದರೆ ಒತ್ತಡ ಜಾಸ್ತಿಯಾಯಿತು. ನೋವು ತಡೆಯದಿದ್ದರೆ ಐಬುಪ್ರೊಫೆನ್ ಹಾಲೂಡಿಸುವವರಿಗೆ ಆಗುತ್ತದೆ, ಹಾಲಿಗೆ ಸೇರುವುದು ಅತ್ಯಲ್ಪ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇದ್ದರೆ ಡಾಕ್ಟರನ್ನು ಕೇಳದೆ ಬೇಡ. ಬ್ರಾ ಆಧಾರ ಕೊಡಲಿ, ಒತ್ತಿ ಗೆರೆ ಮೂಡಿಸುವಂಥದ್ದು ಬೇಡ.

ಚಳಿ ನಡುಕ, 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೈಕೈ ನೋವು ಬಂದರೆ ಅಥವಾ 24 ಗಂಟೆಯಲ್ಲಿ ಒಂದಿಷ್ಟೂ ಇಳಿಯದಿದ್ದರೆ ಡಾಕ್ಟರ ಬಳಿ ಹೋಗಿ, ಆ್ಯಂಟಿಬಯಾಟಿಕ್ ಬೇಕಾಗಬಹುದು. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಲ್ಲಿನ ಚರ್ಮ ಸುತ್ತಲಿಗಿಂತ ಕಪ್ಪಾಗಿ, ಬಿಗಿದು, ಹೊಳೆಯುತ್ತಿದೆಯೇ ನೋಡಿ, ಅಂಗೈಯ ಹಿಂಬದಿ ಇಟ್ಟು ಬಿಸಿಯಿದೆಯೇ ನೋಡಿ. ಗಂಟು ಕೆಲವು ದಿನ ಹಾಗೇ ಉಳಿದರೆ ಕೀವು ಕಟ್ಟಿದೆಯೇ ಎಂದು ಸ್ಕ್ಯಾನಿಂಗ್ ಆಗಬೇಕು. ಒಂದೇ ಜಾಗದಲ್ಲಿ ಮೂರು ಸಲ ಬಂದಿದ್ದರೆ ಜ್ವರವಿಲ್ಲದಿದ್ದರೂ ಒಮ್ಮೆ ತೋರಿಸಿಯೇ ಬನ್ನಿ.

ಇದೆಲ್ಲದರಲ್ಲಿ ಇವತ್ತೇ ಆಗಬೇಕಾದದ್ದು ಒಂದು. ಈ ಉತ್ತರವನ್ನು ನಿಮ್ಮ ಗಂಡನ ಕೈಗೆ ಕೊಡಿ. ಅತ್ತಿಗೆ ಮನೆಯಿಂದ ಹೊರಡುವ ಮೊದಲೇ ಅವರು ಫೋನ್ ಮಾಡಿ, ‘ಅಕ್ಕಾ, ಮಸಾಜ್ ಇನ್ನು ಬೇಡ. ಸಂಜೆ ಬಂದು ಒಂದೆರಡು ಗಂಟೆ ಮಗು ಎತ್ತಿಕೋ, ಇವಳು ಮಲಗಲಿ’ ಎಂದು ಹೇಳಲಿ.