ಲಂಡನ್–ನ್ಯೂಯಾರ್ಕ್: ದೂರ ಒಂದೇ, ಸಮಯ ಮಾತ್ರ ಬೇರೆ ಯಾಕೆ?

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಲು 3 ಗಂಟೆ, ವಾಪಸ್ ಬರಲು 12 ಗಂಟೆ ಅಂತ ಟಿಕೆಟ್‌ನಲ್ಲಿ ಕಾಣುತ್ತಿದೆ, ಇದು ತಪ್ಪಲ್ಲವೇ ಅಂತ ಕೇಳಿದ್ದೀರಿ. ನಿಮ್ಮ ಟಿಕೆಟ್‌ನಲ್ಲಿ ತಪ್ಪಿಲ್ಲ. ಅದರಲ್ಲಿರುವುದೆಲ್ಲ ಆಯಾ ಊರಿನ ಸಮಯ. ಲಂಡನ್ ಬಿಡುವುದು 11:00, ನ್ಯೂಯಾರ್ಕ್ ತಲುಪುವುದು 14:00 ಅಂತ ನೋಡಿ ನೀವು 3 ಗಂಟೆ ಅಂದುಕೊಂಡಿದ್ದೀರಿ. ವಾಪಸ್ 20:00ರಿಂದ ಮರುದಿನ 8:00, ಅದನ್ನು 12 ಗಂಟೆ ಅಂತ ಎಣಿಸಿದ್ದೀರಿ.

ಮೊದಲು ಎಲ್ಲವನ್ನೂ ಲಂಡನ್ ಗಡಿಯಾರಕ್ಕೆ ತನ್ನಿ. ನ್ಯೂಯಾರ್ಕ್ 5 ಗಂಟೆ ಹಿಂದಿದೆ. ಅಲ್ಲಿನ 14:00 ಅಂದ್ರೆ ಲಂಡನ್‌ನಲ್ಲಿ 19:00, ಅಲ್ಲಿನ 20:00 ಅಂದ್ರೆ ಲಂಡನ್‌ನಲ್ಲಿ ಮರುದಿನ 1:00. ಹಾಗಾಗಿ ಹೋಗಲು 8 ಗಂಟೆ, ಬರಲು 7.

ಆಮೇಲೆ ತಾರೀಕು ನೋಡಿ, ಇಲ್ಲಿ ತುಂಬಾ ಜನ ಎಡವುತ್ತಾರೆ. ಬೇಸಿಗೆಗಾಗಿ ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತದೆ, ಬ್ರಿಟನ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ವ್ಯತ್ಯಾಸ 4 ಗಂಟೆ ಮಾತ್ರ. ಗಡಿಯಾರ ಮತ್ತೆ ಹಿಂದಿಡುವಾಗ, ಅಕ್ಟೋಬರ್ ಕೊನೆಯ ಭಾನುವಾರದಿಂದ (ಬ್ರಿಟನ್) ನವೆಂಬರ್ ಮೊದಲ ಭಾನುವಾರದವರೆಗೂ (ಅಮೆರಿಕ) ಹಾಗೇ.

ಇನ್ನು 5,550 ಕಿ.ಮೀ. ದೂರವನ್ನು ವಿಮಾನದ ವೇಗ, ಅಂದ್ರೆ ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿದರೆ 6 ಗಂಟೆ ಚಿಲ್ಲರೆ ಬರುತ್ತದೆ, ಅಲ್ವಾ? ಆದರೆ ಟಿಕೆಟ್‌ನ ಸಮಯ ಗೇಟ್‌ನಿಂದ ಗೇಟ್‌ಗೆ. ರನ್‌ವೇಗೆ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿದೆ. ಜೊತೆಗೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. 2020ರ ಫೆಬ್ರವರಿಯಲ್ಲಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೆ ಬಂದಿತ್ತು! ನಿಮ್ಮ ದಿನ ಗಾಳಿ ಹೇಗಿರುತ್ತದೋ ಈಗಲೇ ಹೇಳಲಾಗದು.

ಮುಂದಿನ ವಿಮಾನ ಹಿಡಿಯುವುದಿದ್ದರೆ ದೂರದ ಲೆಕ್ಕ ಬಿಡಿ, ಟಿಕೆಟ್‌ನಲ್ಲಿರುವ ಇಳಿಯುವ ಸಮಯದಿಂದಲೇ ಎಣಿಸಿ.